ಅಂಗಾಲು ನೋಡುತ್ತಿದ್ದ ದೊಡ್ಡವ್ವ

ನಮ್ಮ ದೊಡ್ಡವ್ವ ಹೊನ್ನಮ್ಮನ ಕಾಲಿಗೆ ಬಿದ್ದವರು ಯಾರೂ ಸುಮ್ಮನೆ ಎದ್ದು ಬಂದದ್ದಿಲ್ಲ. ತಲೆ ಸವರಿ ಹರಸಿದ ಕೈ ಮರುಗಳಿಗೆಯೇ ನಮ್ಮ ಪಾದ ಹಿಡಿಯುತ್ತಿತ್ತು. "ಕಾಲೆತ್ತವ್ವ, ಅಂಗಾಲು ಒಸಿ ನೋಡ್ತೀನಿ."

"ಅಯ್ಯೋ ಬುಡು ದೊಡ್ಡವ್ವ! ದೊಡ್ಡೋರು ಕಾಲು ಮುಟ್ಟುದ್ರೆ ನನ್ಗೆ ಪಾಪ ಬತ್ತದೆ" ಎಂದು ಎಳೆದುಕೊಂಡರೆ, "ಆ ಪಾಪ ನನ್ಗಿರ್ಲಿ, ನೀನು ಕಾಲು ಕೊಡು" ಎನ್ನುತ್ತಿದ್ದಳು. ಬೀಗರನ್ನೂ ಬಿಟ್ಟವಳಲ್ಲ ಮಹಾತಾಯಿ!

ಮಹಾರಾಜರ ಆಳ್ವಿಕೆಯ ಆ ದಿನಗಳಲ್ಲಿ, ಚನ್ನಪಟ್ಟಣದ ಪಕ್ಕದ ನಮ್ಮೂರಿನಲ್ಲಿ, ಅವಳ ಬಲ ಅಂಗಾಲಿಗೆ ದೊಡ್ಡ ಹೆಸರಿತ್ತು. ಅಲ್ಲೊಂದು ರಾಗಿಕಾಳಿನಷ್ಟು ಕಪ್ಪು ಮಚ್ಚೆ. ಅವಳು ಸೊಸೆಯಾಗಿ ಬಂದ ವರ್ಷ ರೇಷ್ಮೆ ಬೆಳೆ ಚೆನ್ನಾಗಿ ಆಯಿತಂತೆ. ಅದೆಲ್ಲ ಆ ಮಚ್ಚೆಯ ಕಾಲ್ಗುಣ ಎಂದರು. ಅಲ್ಲಿಂದಾಚೆಗೆ ಯಾರೇ ರೇಷ್ಮೆಹುಳು ಸಾಕಲು ಹೊರಟರೂ ಹುಳುಮನೆಯ ಹೊಸಿಲನ್ನು ಮೊದಲು ಅವಳೇ ದಾಟಬೇಕು. "ನನ್ ಮೊಕ ಯಾರ್ ನೋಡ್ತಾರವ್ವ, ಎಲ್ಲಾರ್ಗೂ ಕಾಲೇ ಬೇಕು" ಎಂದು ನಗುತ್ತಿದ್ದಳು.

ಬರಬರುತ್ತಾ ಮಚ್ಚೆ ಅಗಲವಾಯಿತು, ಅಂಚು ಸೊಟ್ಟಪಟ್ಟಗೆ ಹರಡಿತು. ಊರಿಗೆ ಊರೇ ಹಿಗ್ಗಿತು, ಅದೃಷ್ಟ ಬೆಳೆಯುತ್ತಿದೆಯೆಂದು! ಹೆಂಗಸರು ಬಂದು ಅದಕ್ಕೆ ಅರಿಸಿನ ಹಚ್ಚಿ ಹೋದರು. ಒಂದು ಬೆಳಿಗ್ಗೆ ನಮ್ಮ ಹುಳುಮನೆಯ ಹೊಸಿಲ ಮೇಲೆ ಅವಳ ಹೆಜ್ಜೆ ರಕ್ತದಲ್ಲಿ ಮೂಡಿತು. ಹಟ ಹಿಡಿದು ರೈಲು ಹತ್ತಿಸಿ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆ.

"ಇದು ಬರೀ ಮಚ್ಚೆಯಲ್ಲ, ಕ್ಯಾನ್ಸರ್" ಎಂದರು ಡಾಕ್ಟರಮ್ಮ. "ಬೆಳೆಯಲು ಶುರುವಾದಾಗಲೇ ತೋರಿಸಬೇಕಿತ್ತು. ಈಗ ಕೊಯ್ದು ತೆಗೆಯದಿದ್ದರೆ ಜೀವಕ್ಕೇ ಅಪಾಯ."

ಜೊತೆಗೆ ಬಂದಿದ್ದ ದೊಡ್ಡಪ್ಪ ಕೆರಳಿದ. "ಮನೆ ಲಕ್ಷ್ಮೀನೇ ಕುಯ್ಯಿಸ್ಬುಡ್ತೀಯೇನೇ?"

"ಲಕ್ಷ್ಮಿ ಬೇರೆ ಕಾಲು ನೋಡ್ಕಳ್ಲಿ ಬುಡಿ. ನಾನು ಇನ್ನೊಸಿ ದಿನ ಬದುಕ್ಬೇಕು" ಎಂದಳು ದೊಡ್ಡವ್ವ.

ಮಚ್ಚೆ ಕೊಯ್ಯಿಸಿಕೊಂಡು ಕುಂಟುತ್ತ ಊರಿಗೆ ಬಂದವಳನ್ನು ಮತ್ತೆ ಯಾರೂ ಹುಳುಮನೆಗೆ ಕರೆಯಲಿಲ್ಲ. ನೊಂದುಕೊಂಡಳು, ಪಾಪ. ಆಮೇಲೆ ಶುರುವಾದದ್ದೇ ಕಂಡವರ ಅಂಗಾಲು ನೋಡುವ ಈ ಚಾಳಿ. ಮಚ್ಚೆಯಿದ್ದವರಿಗೆ, "ಬೆಳುದ್ರೆ ಹಿಗ್ಬ್ಯಾಡ, ಆಸ್ಪತ್ರೆಗೆ ಓಡು" ಎಂದು ಗದರುತ್ತಿದ್ದಳು.

ಕೆಲವು ವರ್ಷ ಕಳೆದ ಮೇಲೆ ಅವಳ ತೊಡೆಸಂದಿನಲ್ಲಿ ಗಂಟು ಕಾಣಿಸಿಕೊಂಡಿತು. ಕ್ಯಾನ್ಸರ್ ಅಲ್ಲಿಗೂ ಹರಡಿದೆ, ಇನ್ನು ಮಾಡುವುದೇನೂ ಇಲ್ಲವೆಂದರು ಡಾಕ್ಟರಮ್ಮ. ಕೊನೆಯ ಸಲ ನೋಡಲು ಹೋದಾಗ ದೊಡ್ಡವ್ವ ಹಾಸಿಗೆ ಹಿಡಿದಿದ್ದಳು. ಅವಳು ಕೇಳುವ ಮೊದಲೇ ಪಕ್ಕದಲ್ಲಿ ಕೂತು ನನ್ನ ಕಾಲನ್ನು ಅವಳ ಕೈಗಿಟ್ಟೆ. ಈ ಸಲ ನಾನು ಪಾಪದ ಮಾತೆತ್ತಲಿಲ್ಲ. ಕಣ್ಣಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದಳು.

"ಏನೂ ಇಲ್ಲ ಕಣವ್ವ, ಬರೀ ಕಾಲು. ಇದೇ ಒಳ್ಳೆ ಕಾಲು. ಹುಳುಮನೆಗೆ ಇನ್ಮೇಲೆ ನೀನೇ ಮುಂದಾಗು."

ಈಗಲೂ ಹಿರಿಯರ ಕಾಲಿಗೆ ಬಿದ್ದು ಏಳುವಾಗ ಒಂದು ಗಳಿಗೆ ಹಾಗೇ ನಿಲ್ಲುತ್ತೇನೆ. ಎಲ್ಲರೂ ಹರಸುತ್ತಾರೆ. ಕಾಲೆತ್ತು ಎನ್ನುವವರಿಲ್ಲ.