ಕ್ಲಚ್ಚು ಬುಡ್ತಿಲ್ಲ

ಚಾಮರಾಜನಗರದಲ್ಲಿ ಎರಡು ವರ್ಷ ಮೋಟಾರು ಮೆಕ್ಯಾನಿಕ್ ಕೋರ್ಸು ಓದಿ ನಾನು ಸರ್ಟಿಫಿಕೇಟು ತೆಗೆದುಕೊಂಡಾಗ ತೊಂಬತ್ತರ ದಶಕ ಅರ್ಧ ಕಳೆದಿತ್ತು. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೆ. ಬಂದ ನೆಂಟರು ಯಾವ ದೇವರ ಪಟವೆಂದು ಹತ್ತಿರ ಹೋಗಿ ನೋಡಿ ವಾಪಸು ಬರುತ್ತಿದ್ದರು. ಕೆಲಸ ಮಾತ್ರ ಎಲ್ಲೂ ಸಿಗಲಿಲ್ಲ.

ಗುಂಡ್ಲುಪೇಟೆಯಲ್ಲಿ ನಮ್ಮ ಚಿಕ್ಕಪ್ಪನದೊಂದು ಲಾರಿ ಇತ್ತು. ತೆರಕಣಾಂಬಿಯಲ್ಲಿ ತರಕಾರಿ ತುಂಬಿಕೊಂಡು ಕೇರಳಕ್ಕೆ ಹೋಗಿ ಬರುವ ಹಳೇ ಗಾಡಿ. ಹನ್ನೆರಡು ವರ್ಷದಿಂದ ಅದನ್ನು ಓಡಿಸುತ್ತಿದ್ದವರು ಭೀಮನಬೀಡಿನ ಡ್ರೈವರಣ್ಣ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಕೆಲಸವಿಲ್ಲದೆ ತಿರುಗುತ್ತಿದ್ದ ನನ್ನನ್ನು ಚಿಕ್ಕಪ್ಪ ಕರೆದು, ಗಾಡಿ ನೋಡಿಕೊ ಎಂದರು. ಗಾಡಿ ನೋಡಿಕೊಳ್ಳುವುದೆಂದರೆ ಡ್ರೈವರನ್ನು ನೋಡಿಕೊಳ್ಳುವುದೆಂದು ನಾನು ಅರ್ಥ ಮಾಡಿಕೊಂಡೆ.

ಆಯುಧಪೂಜೆ ಬಂತು. ಡ್ರೈವರಣ್ಣ ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಚಕ್ರಗಳಡಿ ನಿಂಬೆಹಣ್ಣು ಇಟ್ಟರು. ನನ್ನದೂ ಒಂದು ಕೈ ಇರಲಿ ಎಂದು ಕೇರಳದವರೊಬ್ಬರ ಅಂಗಡಿಯಿಂದ ದಪ್ಪನೆಯ ತೆಂಗಿನ ನಾರಿನ ಮ್ಯಾಟ್ ತಂದೆ. ಮನೆ ಬಾಗಿಲಿಗೆ ಹಾಕುವಂಥದ್ದು; ಮೇಲೆ ಕೆಂಪು ಇಂಗ್ಲಿಷ್ ಅಕ್ಷರಗಳಲ್ಲಿ 'ವೆಲ್ಕಮ್' ಎಂದಿತ್ತು. ಡ್ರೈವರ್ ಸೀಟಿನ ಮುಂದೆ ಹಾಸಿದರೆ ಉದ್ದವಾಯಿತು. ಕತ್ತರಿಸಿದರೆ ಅಕ್ಷರ ಹಾಳಾಗುತ್ತದೆ. ಓದಿದವನಿಗೆ ಅಕ್ಷರ ಕತ್ತರಿಸಲು ಮನಸ್ಸು ಬರುತ್ತದೆಯೇ? ಎಡತುದಿಯನ್ನು ಅಡಿಗೆ ಮಡಚಿ, ಜಾರದಂತೆ ಕೆಳಗಿನ ಮರದ ಹಲಗೆಗೆ ನಾಲ್ಕು ಮೊಳೆ ಹೊಡೆದು ಕೂರಿಸಿದೆ. ಮೊದಲ ಅಕ್ಷರಗಳು ಮಡಿಕೆಯೊಳಗೆ ಸೇರಿ 'ಲ್ಕಮ್' ಉಳಿಯಿತು. ಅಲ್ಲಿ ಬಗ್ಗಿ ಓದುವವರು ಯಾರು ಎಂದು ಸಮಾಧಾನ ಮಾಡಿಕೊಂಡೆ.

ಹಬ್ಬ ಕಳೆದು ನಾಲ್ಕನೇ ದಿನ ಡ್ರೈವರಣ್ಣ ನನ್ನ ಹತ್ತಿರ ಬಂದು ತಲೆ ಕೆರೆದುಕೊಂಡರು.

"ಕ್ಲಚ್ಚು ಬುಡ್ತಿಲ್ಲ ಕಣಪ್ಪ."

ಈ ಮಾತಿಗೆ ಎರಡು ಅರ್ಥವಿದೆ. ಪೆಡಲ್ ಒತ್ತಿದಾಗ ಕ್ಲಚ್ಚು ಇಂಜಿನ್ನಿನ ತಿರುಗಾಟವನ್ನು ಪೂರ್ತಿ ಬಿಟ್ಟುಕೊಡಬೇಕು, ಆಗ ಗೇರು ಸಲೀಸಾಗಿ ಬೀಳುತ್ತದೆ. ಅದು ಬಿಡುತ್ತಿಲ್ಲ ಎಂಬುದು ಒಂದು. ಕ್ಲಚ್ಚನ್ನು ನಾನು ಬಿಡುತ್ತಿಲ್ಲ, ಅಂದರೆ ಅದರ ಮೇಲಿಂದ ಕಾಲು ತೆಗೆಯುವುದೇ ಇಲ್ಲ ಎಂಬುದು ಇನ್ನೊಂದು. ನಮ್ಮ 'ಇಲ್ಲ'ಕ್ಕೆ ನಾನು, ನೀನು, ಅದು ಎಂಬ ಭೇದವೇ ಇಲ್ಲವಲ್ಲ. ಅವರು ಹೇಳಿದ್ದು ಮೊದಲನೆಯದು. ಪಂಡಿತನಾದ ನಾನು ಹಿಡಿದದ್ದು ಎರಡನೆಯದು. ತಪ್ಪನ್ನು ತಾವೇ ಒಪ್ಪಿಕೊಂಡರಲ್ಲ ಎಂದು ನನಗೆ ಖುಷಿಯೇ ಆಯಿತು.

ನೆಟ್ಟಗೆ ಚಿಕ್ಕಪ್ಪನ ಹತ್ತಿರ ಹೋದೆ. "ಯಾವಾಗ್ಲೂ ಕ್ಲಚ್ ಮ್ಯಾಲೆ ಕಾಲಿಟ್ಕಂಡೇ ಓಡುಸ್ತಾರೆ ಚಿಕ್ಕಪ್ಪ. ಕ್ಲಚ್ ಪ್ಲೇಟು ತೇದೋಗ್ಬುಟ್ಟದೆ. ಅವ್ರೇ ಒಪ್ಕಂಡ್ರು."

"ಹನ್ನೆಲ್ಡು ವರ್ಸ ಓಡ್ಸಿ ಕಲ್ತಿದ್ದು ಇದಾ?" ಎಂದು ಚಿಕ್ಕಪ್ಪ ರೇಗಿದರು. "ಪ್ಲೇಟು ಆಕುಸ್ಕಂಡು ಬನ್ನಿ. ಬಂದೇಟ್ಗೆ ಕೀ ಇಸ್ಕಬುಡ್ತೀನಿ. ಬೇರೆ ಡ್ರೈವರ್ನ ನೋಡನ."

ಡ್ರೈವರಣ್ಣನಿಗೆ ನಾಲ್ಕು ಬೈಗುಳ ಬೀಳಲಿ ಎಂಬುದಷ್ಟೇ ನನ್ನ ಆಸೆ. ಆ ವಯಸ್ಸಿನಲ್ಲಿ ಅವರ ಕೈಗೆ ಇನ್ನೊಂದು ಗಾಡಿ ಯಾರು ಕೊಡುತ್ತಾರೆ? ಹಾಗೆಂದು ಬಾಯಿ ಬಿಡಬಹುದಿತ್ತು. ಆದರೆ ಜೀವನದಲ್ಲಿ ಮೊದಲ ಸಲ ಒಂದು ರೋಗ ಪತ್ತೆ ಮಾಡಿದ್ದೆ. ಅದನ್ನು ಕೆಡಿಸಿಕೊಳ್ಳಲು ಇಷ್ಟವಾಗಲಿಲ್ಲ.

ಮರುದಿನ ಬೆಳಿಗ್ಗೆ ಖಾಲಿ ಗಾಡಿಯಲ್ಲಿ ನಾವಿಬ್ಬರೂ ಚಾಮರಾಜನಗರದ ಗ್ಯಾರೇಜಿಗೆ ಹೊರಟೆವು. ಗೇರು ಬದಲಿಸಿದಾಗಲೆಲ್ಲ ಕರಕರ ಸದ್ದು. ತೆರಕಣಾಂಬಿಯಲ್ಲಿ ಬಸ್ಸೊಂದು ಜನ ಹತ್ತಿಸಿಕೊಳ್ಳುತ್ತ ಅಡ್ಡ ನಿಂತಿತ್ತು. ಡ್ರೈವರಣ್ಣ ಕ್ಲಚ್ಚು ತುಳಿದೇ ಇದ್ದರು, ಗಾಡಿ ಮಾತ್ರ ತೆವಳಿಕೊಂಡು ಬಸ್ಸಿನ ಬೆನ್ನಿಗೆ ಹೋಗುತ್ತಿತ್ತು. ಬ್ರೇಕ್ ಒತ್ತಿ ಇಂಜಿನ್ ನಿಲ್ಲಿಸಿದರು. ಬಸ್ಸು ಹೋದ ಮೇಲೆ ಮೊದಲು ಗೇರು ಹಾಕಿ, ಆಮೇಲೆ ಸ್ಟಾರ್ಟ್ ಮಾಡಿದರು.

"ನೋಡ್ದಾ? ಬುಡ್ತಾನೇ ಇಲ್ಲ."

"ಬುಡೋದ ಅಭ್ಯಾಸ ಮಾಡ್ಕಬೇಕು ಕಣಣ್ಣ" ಎಂದೆ.

ಅವರು ನನ್ನ ಮುಖ ನೋಡಿ ರಸ್ತೆಯ ಕಡೆ ತಿರುಗಿದರು. ಕೆಲಸ ಹೋಗುವುದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಚಾಮರಾಜನಗರ ಬರುವವರೆಗೂ ಕಿಟಕಿಯಾಚೆ ನೋಡುತ್ತ ಕುಳಿತೆ.

ಗ್ಯಾರೇಜಿನ ಮೇಸ್ತ್ರಿಗೆ ನಾನೇ ಅಪ್ಪಣೆ ಕೊಟ್ಟೆ. ಪ್ಲೇಟು ತೇದಿದೆ, ಗೇರ್‌ಬಾಕ್ಸ್ ಇಳಿಸಿ ಎಂದೆ.

ತೆರಕಣಾಂಬಿಯಲ್ಲಿ ಗಾಡಿ ತೆವಳಿದ್ದನ್ನು ಡ್ರೈವರಣ್ಣ ಹೇಳಿದರು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ನನ್ನನ್ನು ಕೇಳಿದರು, "ತೇದ್ರೆ ಜಾರ್ತದೆ ಕಣ್ಲಾ. ಇಂಜಿನ್ ಕೂಗ್ತದೆ, ಗಾಡಿ ಮುಂದ್ಕೋಗಲ್ಲ. ಇದು ಕ್ಲಚ್ಚು ಒತ್ತುದ್ರೂ ಮುಂದ್ಕೋಯ್ತದೆ ಅಂತೀರಿ. ಉಲ್ಟಾ ಅಲ್ವಾ?"

ಪುಸ್ತಕದ ಪುಟವೇ ಕಣ್ಣೆದುರು ಬಂತು. ಎಡಕ್ಕೆ ಜಾರುವ ಕ್ಲಚ್ಚು, ಬಲಕ್ಕೆ ಬಿಡದ ಕ್ಲಚ್ಚು, ಎರಡಕ್ಕೂ ಬೇರೆ ಬೇರೆ ಕಾರಣ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು.

ಮೇಸ್ತ್ರಿ ನನ್ನನ್ನು ಡ್ರೈವರ್ ಸೀಟಿಗೆ ಹತ್ತಿಸಿ, ತಾವು ಗಾಡಿಯಡಿ ಮಲಗಿದರು. ಪೆಡಲ್ ಒತ್ತಿದಾಗ ಕೆಳಗಿನ ಲಿವರ್ ಎಷ್ಟು ಸರಿಯುತ್ತದೆಂದು ನೋಡಬೇಕಿತ್ತು.

"ಒತ್ತು."

ಒತ್ತಿದೆ.

"ಪೂರ್ತಿ ಒತ್ಲಾ."

"ಪೂರ್ತಿನೇ ಒತ್ತಿವ್ನಿ."

"ಇಲ್ಲಿ ಅರ್ಧಕ್ಕೇ ನಿಂತೋಯ್ತಾ ಅದೆ. ರಾಗಿಟ್ಟು ಉಂಡಿಲ್ವಾ?"

ರೋಷ ಬಂತು. ಸ್ಟೇರಿಂಗ್ ಹಿಡಿದು ಅರ್ಧ ಎದ್ದು ನಿಂತು ತುಳಿದೆ. ಏನೋ ಮೆತ್ತಗೆ ತಡೆಯಿತು. ಬಗ್ಗಿ ನೋಡಿದರೆ ಪೆಡಲ್ಲು ನನ್ನ ಮ್ಯಾಟಿನ ಮಡಿಕೆಯ ಮೇಲೆ ಆರಾಮಾಗಿ ಕೂತಿತ್ತು.

ಆಗ ನನಗೆ ಹೊಳೆದ ಮೊದಲ ಯೋಚನೆ ಯಾರೂ ನೋಡುವ ಮೊದಲು ಮೊಳೆ ಕಿತ್ತು ಮ್ಯಾಟನ್ನು ಸೀಟಿನಡಿ ತುರುಕುವುದು. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ. ಒಂದು ಮೊಳೆ ಕಿತ್ತೂ ಆಗಿತ್ತು. ಅಷ್ಟರಲ್ಲಿ ಮೇಸ್ತ್ರಿ ಎದ್ದು ಬಂದು ಬಾಗಿಲಲ್ಲಿ ಇಣುಕಿದರು.

"ಇದು ಯಾರ್ ಮನೆ ಬಾಗ್ಲುದ್ಲಾ?"

ಕಿತ್ತ ಮೊಳೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಹಿಂದಿನಿಂದ ಡ್ರೈವರಣ್ಣ ಹೇಳಿದರು, "ಪೂಜೆಗೆ ಆಕಿದ್ದು ಮೇಸ್ತ್ರಿ. ನಾನೇ ನೋಡ್ಕಬೇಕಿತ್ತು."

ಯಾರು ಹಾಕಿದ್ದೆಂದು ಅವರು ಹೇಳಲಿಲ್ಲ. ಮ್ಯಾಟ್ ಕಿತ್ತ ಮೇಲೆ ಪೆಡಲ್ಲು ಕೊನೆಮುಟ್ಟ ಹೋಯಿತು, ರಿವರ್ಸ್ ಗೇರು ಕೂಡ ಸದ್ದಿಲ್ಲದೆ ಬಿತ್ತು. ಮೇಸ್ತ್ರಿ ನಮಗೆ ಟೀ ಕುಡಿಸಿ ಕಳಿಸಿದರು.

ಗುಂಡ್ಲುಪೇಟೆಯಲ್ಲಿ ಇಳಿದಾಗ ಚಿಕ್ಕಪ್ಪ ಮನೆ ಮುಂದೆಯೇ ನಿಂತಿದ್ದರು. ಡ್ರೈವರಣ್ಣನ ಮುಂದೆ ಕೈ ಚಾಚಿ ಕೀ ಕೇಳಿದರು. ಅವರು ಏನೆಂದು ತಿಳಿಯದೆ ಕೊಟ್ಟರು.

"ಚಿಕ್ಕಪ್ಪ, ಪೆಡಲ್ಲಿನ ಟ್ರಾವೆಲ್ ಕಮ್ಮಿಯಾಗಿ, ರಿಲೀಸ್ ಲಿವರ್ರು..." ಎಂದು ಶುರು ಮಾಡಿದೆ.

"ನೆಟ್ಗೆ ಏಳ್ಲಾ."

"ನಾನು ಆಕಿದ್ದ ಮ್ಯಾಟು ಕಣ್ ಚಿಕ್ಕಪ್ಪ, ಪೆಡಲ್ ಕೆಳುಕ್ಕೆ. ಪ್ಲೇಟು ಸರ್ಯಾಗೇ ಅದೆ. ಇವ್ರು ಕಾಲಿಟ್ಕಂಡು ಓಡ್ಸಿಲ್ಲ, ಒಪ್ಕಂಡೂ ಇಲ್ಲ. ಕ್ಲಚ್ಚು ಬುಡ್ತಿಲ್ಲ ಅಂದ್ರು, ನಂಗೆ ಕನ್ನಡ ತಿಳೀನಿಲ್ಲ. ಕೀ ಕೊಟ್ಬುಡು."

ಚಿಕ್ಕಪ್ಪ ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿ ಕೀ ವಾಪಸು ಕೊಟ್ಟು ಒಳಗೆ ಹೋದರು. ತಮ್ಮ ಕೆಲಸ ಹೋಗಿ ಬಂದದ್ದು ಡ್ರೈವರಣ್ಣನಿಗೆ ಆಗ ಅರ್ಥವಾಯಿತು. ಕೀಯನ್ನು ಜೇಬಿಗೆ ಹಾಕಿ, ಮೇಲಿನಿಂದ ಒತ್ತಿ ನೋಡಿಕೊಂಡು, ಗಾಡಿ ಹತ್ತಿದರು. ತೆರಕಣಾಂಬಿಯಲ್ಲಿ ಲೋಡು ಕಾಯುತ್ತಿತ್ತು. ನಾನು ಓಡಿಹೋಗಿ ಬಾಗಿಲು ಹಿಡಿದುಕೊಂಡೆ.

"ತಪ್ಪಾಯ್ತು ಕಣಣ್ಣ."

"ಬುಡು" ಎಂದರು.

ಈ ಮಾತಿಗೂ ಎರಡು ಅರ್ಥವಿದೆ. ಒಂದು ಪೆಟ್ಟು ತಿಂದು ಬುದ್ಧಿ ಬಂದಿದ್ದರಿಂದ ಈ ಸಲ ಕೇಳಿಯೇಬಿಟ್ಟೆ.

"ಏನ ಬುಡ್ಲಿ ಅಣ್ಣ?"

"ಬಾಗ್ಲ."

ಬಿಟ್ಟೆ. ಗೇರು ಸದ್ದಿಲ್ಲದೆ ಬಿತ್ತು.