ಬಂದೂಕು ಒಯ್ಯಲು ಇಬ್ಬರು ಬರಬೇಕು

ಸವಣೂರಿನ ಈ ಓಣಿಯಲ್ಲಿ ಹಾಲಿನವರ ಸದ್ದೂ ಇನ್ನೂ ಕೇಳುತ್ತಿಲ್ಲ. ಬೆಳಗಿನ ನಮಾಜು ಮುಗಿಸಿ ಬಂದ ರಮಜಾನಬಿ ತಲೆಯ ಮೇಲಿನ ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಾರೆ. ಕೈಯಲ್ಲಿ ಬಂದೂಕಿನ ನಳಿಗೆ. ಮರದ ಹಿಡಿಯಿಂದ ಅದನ್ನು ಬಿಚ್ಚಿ, ಮೂಡಲ ಆಕಾಶಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ನೋಡುತ್ತಿದ್ದಾರೆ.

"ಈ ಹೊತ್ತಿನ ಬೆಳಕ ಚಲೋರಿ," ಎನ್ನುತ್ತಾರೆ, ಕಣ್ಣು ತೆಗೆಯದೆ. "ಬಿಸಲ ಬಿತ್ತಂದ್ರ ಒಳಗ ಬರೇ ಮಿಂಚತೈತಿ, ಜಂಗು ಕಾಣಂಗಿಲ್ಲ. ಜಂಗು ಹಿಡಿದ ನಳಿಗಿ ಹಂದಿ ಕಡೆ ಹಾರೂದ ಬಿಟ್ಟು ಹಿಡದಾವನ ಮಾರಿಗೆ ಹಾರತೈತಿ."

ಅರವತ್ತು ದಾಟಿದ ಹೆಣ್ಣುಮಗಳು ಬಂದೂಕು ರಿಪೇರಿ ಮಾಡುತ್ತಾರೆ ಎಂದು ಕೇಳಿದಾಗ ನಾನು ನಂಬಿರಲಿಲ್ಲ. ಹಾನಗಲ್ಲಿನ ಕಾಡಂಚಿನ ಊರುಗಳಿಂದ, ಶಿಗ್ಗಾವಿಯಿಂದ, ಹಿರೇಕೆರೂರು, ರಟ್ಟೀಹಳ್ಳಿಯ ಕಡೆಯಿಂದ ರೈತರು ಬೆಳೆ ಕಾಯುವ ಲೈಸೆನ್ಸಿನ ಹಳೇ ಮದ್ದಿನ ಬಂದೂಕುಗಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಇವರ ಹತ್ತಿರವೇ ಬರುತ್ತಾರೆ. ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ಕಾಡುಹಂದಿಗಳ ಹಿಂಡು ಇಳಿಯುತ್ತದಲ್ಲ, ಆಗ ಕೆಲಸ ಜೋರು. ಮಿಕ್ಕ ದಿನಗಳಲ್ಲಿ ಹೊಟ್ಟೆ ಹೊರೆಯುವುದು ಕುಕ್ಕರ್, ಕೀಲಿ ಮತ್ತು ಬೆಳೆಗೆ ಔಷಧಿ ಹೊಡೆಯುವ ಪಂಪುಗಳ ರಿಪೇರಿ. ಕಟ್ಟೆಯ ಮೇಲೆ ಈಗಲೂ ಬಂದೂಕಿನ ಪಕ್ಕದಲ್ಲಿ ಯಾರದೋ ಮನೆಯ ಕುಕ್ಕರ್ ಮುಚ್ಚಳ ಬಿದ್ದಿದೆ.

ನನ್ನನ್ನು ಇಲ್ಲಿಗೆ ಕಳಿಸಿದ್ದು ಒಂದು ಚಹಾದಂಗಡಿಯ ಜಗಳ. ಅಮೆರಿಕದ ಯಾವುದೋ ಶಾಲೆಯಲ್ಲಿ ಮತ್ತೊಬ್ಬ ಹುಡುಗ ಗುಂಡು ಹಾರಿಸಿದ ಸುದ್ದಿ ಟೀವಿಯಲ್ಲಿ ಬರುತ್ತಿತ್ತು. ಅಲ್ಲಿ ಯಾಕೆ ಹೀಗೆ ಮೇಲಿಂದ ಮೇಲೆ ಆಗುತ್ತದೆ ಎಂದು ಒಬ್ಬರು ಕೇಳಿದ್ದೇ ತಡ, ಅಂಗಡಿ ತುಂಬ ಪಂಡಿತರೇ. ಸಿನಿಮಾ ಅಂದವರೊಬ್ಬರು, ವಿಡಿಯೋ ಗೇಮ್ ಅಂದವರೊಬ್ಬರು, ಅಪ್ಪ ಅವ್ವ ಬೇರೆ ಬೇರೆ ಇರ್ತಾರಲ್ಲ ಅದಕ್ಕೆ ಅಂದವರೊಬ್ಬರು. ಬಶಿಯಲ್ಲಿ ಚಹಾ ಸುರುವಿಕೊಂಡು ಸುಮ್ಮನೆ ಕೂತಿದ್ದ ಮುದುಕರೊಬ್ಬರು ಮಾತ್ರ, "ಬಂದೂಕಿನ ಮಾತ ರಮಜಾನಬಿನ್ನ ಕೇಳ್ರಿ. ಆಕಿ ಅಂಗಡ್ಯಾಗ ಬಂದೂಕು ಒಯ್ಯಾಕ ಇಬ್ಬರ ಬರಬೇಕು," ಎಂದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಪದ್ಧತಿ ಸರಳ. ಬಂದೂಕನ್ನು ರಿಪೇರಿಗೆ ಕೊಡಲು ಒಬ್ಬರೇ ಬಂದರೂ ಸಾಕು. ರಿಪೇರಿಯಾದ ಮೇಲೆ ಒಯ್ಯಲು ಬರುವವನು ಮಾತ್ರ ಮನೆಯವರೊಬ್ಬರನ್ನು ಕರೆದುಕೊಂಡು ಬರಬೇಕು. ಹೆಂಡತಿಯೋ ಅವ್ವನೋ ತಮ್ಮನೋ, ಒಟ್ಟಿನಲ್ಲಿ ಒಂದೇ ಒಲೆಯ ಮೇಲಿನ ಅಡುಗೆ ಉಂಡವರು. ಅವರನ್ನು ಕಟ್ಟೆಯ ಮೇಲೆ ಕೂರಿಸಿ, ಚಹಾ ಕೊಟ್ಟು, ರಮಜಾನಬಿ ಒಂದೇ ಪ್ರಶ್ನೆ ಕೇಳುತ್ತಾರೆ: "ಮನ್ಯಾಗ ಎಲ್ಲಾರೂ ಅರಾಮ ಅದೀರೇನು?" ಅರಾಮ ಅಂದರೆ ಬಂದೂಕು ಅವರ ಕೈಗೆ. ತಡವರಿಸಿದರೆ, "ಸ್ಪ್ರಿಂಗ ಇನ್ನೂ ಬಂದಿಲ್ರಿ, ಮುಂದಿನ ವಾರ ಬರ್ರಿ."

"ಎಷ್ಟ ಸ್ಪ್ರಿಂಗ ಬಂದಿಲ್ಲೋ ಅಲ್ಲಾಗ ಗೊತ್ತು," ಎಂದು ನಗುತ್ತಾರೆ. "ಆ ಸುಳ್ಳಿಗೆ ಅಂವಾ ಮಾಫ ಮಾಡ್ತಾನ ಅನ್ಕೊಂಡೇನಿ."

ಇದು ಅವರ ಮಾವ ಹಾಕಿಕೊಟ್ಟ ದಾರಿ. ಮಾವನ ಹಿರಿಯರು ನವಾಬರ ಬಂದೂಕು ಒರೆಸುತ್ತಿದ್ದರಂತೆ. "ಸವಣೂರಾಗ ಯಾರನ್ನ ಕೇಳಿದ್ರೂ ನವಾಬರ ಕಡೆಯವ್ರ ಅಂತಾರ್ರಿ, ನಮ್ಮವ್ರೂ ಅಂತಿದ್ರು," ಎಂದು ತಮ್ಮ ಮನೆತನವನ್ನೇ ಕಿಚಾಯಿಸುತ್ತಾರೆ. ಮಾವನ ನಂತರ ಗಂಡ ಮಕ್ತುಂಸಾಬ ಕೂತರು. ಅವರು ಪದ್ಧತಿ ಮುರಿದದ್ದು ಒಂದೇ ಸಲ. ದೊಡ್ಡ ಮನೆತನದ ಯಜಮಾನರೊಬ್ಬರು ಜೀಪಿನಲ್ಲಿ ಒಬ್ಬರೇ ಬಂದಿದ್ದರು. ಅಂಥವರಿಗೆ ಜತೆಗೆ ಯಾರು ಎಂದು ಕೇಳುವುದು ಹೇಗೆ? ಕೊಟ್ಟು ಕಳಿಸಿದರು. ಅದೇ ಸಂಜೆ ಆ ಮನೆಯ ಅಂಗಳದಲ್ಲಿ ಆಸ್ತಿ ಪಾಲಿನ ಮಾತು ಎದ್ದು, ಆ ಯಜಮಾನರ ಬಂದೂಕಿನ ಚರ್ರೆ ಗುಂಡುಗಳು ಅವರ ತಮ್ಮನ ತೊಡೆಗೆ ಹೊಕ್ಕವು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ.

"ಬಂದೂಕಿಂದು ಏನೂ ದೋಷ ಇರ್ಲಿಲ್ಲ. ರಿಪೇರಿ ಎಷ್ಟ ಚಂದ ಮಾಡಿದ್ರಂದ್ರ, ಮೊದಲನೇ ಸಲಕ್ಕ ಹಾರಿತ್ತು. ಅದ ಅವ್ರ ಜೀವಾ ತಿಂತು," ಎನ್ನುತ್ತಾರೆ ರಮಜಾನಬಿ. ಮಕ್ತುಂಸಾಬ ಮತ್ತೆ ಅರ ಹಿಡಿಯಲಿಲ್ಲ. ಪಕ್ಕದಲ್ಲಿ ಕೂತು ತಿಕ್ಕುತ್ತ, ಎಣ್ಣೆ ಹಚ್ಚುತ್ತ ಕೆಲಸ ಕಲಿತಿದ್ದ ಹೆಂಡತಿ ಅಂಗಡಿಯಲ್ಲಿ ಕೂತರು. ಗಂಡ ತೀರಿಕೊಂಡ ಮೇಲೆ ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದರು. ಹೆಂಗಸಿಗೆ ಈ ಕೆಲಸ ಯಾಕೆ ಎಂದು ಕೇಳಿದವರೊಬ್ಬರ ಮೇಜಿನ ಮೇಲೆಯೇ ಅವರ ಕೆಟ್ಟ ಕೀಲಿ ದುರಸ್ತಿ ಮಾಡಿಕೊಟ್ಟು ಬಂದರಂತೆ.

ಇನ್ನು ಅಮೆರಿಕದ ಮಾತು. ಆ ಚಹಾದಂಗಡಿಯ ಜಗಳದ ನಂತರ ನಾನೂ ಸಾಕಷ್ಟು ಓದಿದ್ದೇನೆ. ಓದಿದಷ್ಟೂ ಗೊಂದಲ. ವಿಡಿಯೋ ಗೇಮನ್ನು ಜಪಾನಿನ ಹುಡುಗರೂ ಆಡುತ್ತಾರೆ. ಮನಸ್ಸಿನ ಕಾಯಿಲೆ ಯಾವ ದೇಶದಲ್ಲಿಲ್ಲ? ಆದರೆ ಜನರಿಗಿಂತ ಬಂದೂಕುಗಳೇ ಹೆಚ್ಚಿರುವ ದೇಶ ಅದು. ಹೀಗೆ ಗುಂಡು ಹಾರಿಸಿದವರಲ್ಲಿ ಎಷ್ಟೋ ಮಂದಿ ಒಳಗೊಳಗೇ ಕುದಿಯುತ್ತಿದ್ದವರು, ಮಾಡಲಿರುವುದನ್ನು ಮೊದಲೇ ಯಾರ ಮುಂದೋ ಬಾಯಿ ಬಿಟ್ಟವರು, ಹಿಂದಿನವನ ಹೆಸರು ಊರೂರಿಗೆ ಹಬ್ಬಿದ್ದು ನೋಡಿ ಆಸೆಪಟ್ಟವರು ಎಂದು ತಿಳಿದವರು ಬರೆಯುತ್ತಾರೆ. ಇದನ್ನೆಲ್ಲ ಒಪ್ಪಿಸಿ, ನಿಮಗೆ ಏನನ್ನಿಸುತ್ತದೆ ಎಂದು ಕೇಳುತ್ತೇನೆ.

"ನಾ ಹುಬ್ಬಳ್ಳಿ ದಾಟಿ ಹೋದಾಕಿ ಅಲ್ಲ," ಎಂದು ಅರ ಕೆಳಗಿಡುತ್ತಾರೆ. "ಓದಿದವ್ರು ಹೇಳೂದು ಖರೇನ ಇರಬೇಕು. ನನಗ ಗೊತ್ತಿರೂದು ಈ ಕಟ್ಟಿ ಮ್ಯಾಲಿಂದಷ್ಟ. ಸಿಟ್ಟು ನಮ್ಮಲ್ಲೇನ ಕಡಿಮಿ ಐತೇನು? ಹೊಲದ ಒಡ್ಡು ಒತ್ತಿದ್ರ ಕುಡಗೋಲ ಎತ್ತತಾರ. ಆದ್ರ ಕುಡಗೋಲಿಗೆ ಹತ್ತಿರ ಹೋಗಬೇಕು, ಮಾರಿ ನೋಡಬೇಕು. ಈ ಬಂದೂಕು ನೋಡ್ರಿ, ಒಂದ ಸಲ ಹಾರಿತಂದ್ರ ಮತ್ತ ಮದ್ದ ಹಾಕು, ಚಿಂದಿ ತುರುಕು, ಗಜಾ ಹಾಕಿ ಜಡಿ, ಚರ್ರೆ ಸುರುವು, ಕೇಪ ಇಡು. ಅಷ್ಟರಾಗ ಮನಷ್ಯಾನ ಬುದ್ಧಿ ತಿರುಗಿ ಜಾಗಾಕ್ಕ ಬರತೈತಿ. ಅಲ್ಲೀ ಬಂದೂಕಿಗೆ ಆ ಪುರಸೊತ್ತ ಇಲ್ಲಂತಲ್ರಿ."

ಅರ ಎತ್ತಿಕೊಂಡು ಮತ್ತೆ ಅವರೇ ಮುಂದುವರಿಸುತ್ತಾರೆ. "ಟೀವ್ಯಾಗ ಹೊಡದಾವನ ಫೋಟೋ ತೋರಿಸಿದ್ದ ತೋರಿಸಿದ್ದು. ಸತ್ತ ಕೂಸುಗಳ ಹೆಸರು ಒಂದೂ ನನಗ ಗೊತ್ತಾಗಲಿಲ್ಲ. ಬಂದ್ ಮಾಡಿಬಿಟ್ನಿ. ಒಂದ ಮಾತ ಮಾತ್ರ ಮನಸಿನ್ಯಾಗ ಉಳೀತು. ಆ ಹುಡುಗ ಬಂದೂಕು ತಗೊಳ್ಳಾಕ ಹೋದಾಗ, ಜತಿಗೆ ಯಾರ ಬಂದಾರಪ್ಪಾ ಅಂತ ಒಬ್ಬರರೇ ಕೇಳಿದ್ರೇನು?"

ಈ ಪ್ರಶ್ನೆ ನಾನು ಓದಿದ ಯಾವ ಲೇಖನದಲ್ಲೂ ಹೀಗೆ ಎದುರಾಗಿರಲಿಲ್ಲ. ಇದೊಂದರಿಂದಲೇ ಅಲ್ಲಿಯ ರೋಗ ವಾಸಿಯಾಗುತ್ತದೆ ಎಂದು ನಾನೂ ಹೇಳುವುದಿಲ್ಲ, ಅವರೂ ಹೇಳುವುದಿಲ್ಲ.

ಬಿಸಿಲು ಕಟ್ಟೆಗೆ ಬರುವಷ್ಟರಲ್ಲಿ ಒಬ್ಬ ರೈತ ಬಂದು ನಿಲ್ಲುತ್ತಾನೆ. ನಲವತ್ತರ ಆಸುಪಾಸು, ಹತ್ತಿಮತ್ತೂರಿನ ಕಡೆಯವನು. ಅವನೂ ಅವನ ಮನೆಯವರೂ ಹೆಸರು ಬದಲಿಸಿ ಬರೆಯಲು ಒಪ್ಪಿದ್ದಾರೆ. ಅಜ್ಜಪ್ಪ ಎನ್ನೋಣ. ಬೆಳಿಗ್ಗೆಯಿಂದ ರಮಜಾನಬಿ ತಿಕ್ಕುತ್ತಿರುವ ಬಂದೂಕು ಅವನದೇ. ಸ್ಪ್ರಿಂಗ್ ಬಂದಿಲ್ಲವೆಂದು ಈಗಾಗಲೇ ವಾಪಸು ಹೋದವನು. ಅಣ್ಣ ಫಕ್ಕೀರೇಶ ಇವನ ಹೊಲದ ಬಂಡಿದಾರಿಗೆ ಮುಳ್ಳು ಹಚ್ಚಿ ಮುಚ್ಚಿದ್ದಾನೆ. ಜಗಳ ನೋಡಲಾರದೆ ಹೆಂಡತಿ ಶೀಲಾ ಯಲವಿಗಿಯ ತವರಿಗೆ ಹೋಗಿದ್ದಾಳೆ. "ಬಂದೂಕು ಬರ್ಲಿ, ಅಣ್ಣನ್ನ ನೋಡ್ಕೊತೇನಿ" ಎಂದು ಇವನು ಸಂತೆಯಲ್ಲಿ ಅಂದದ್ದು ರಮಜಾನಬಿಯ ಕಿವಿಗೂ ಬಿದ್ದಿದೆ. ಹಂದಿ ಅವನ ಗೋವಿನಜೋಳ ಹಾಳು ಮಾಡುತ್ತಿರುವುದೂ ಅಷ್ಟೇ ನಿಜ.

"ಇವತ್ತ ಕೊಟ್ಟಬಿಡ್ರಿ ಚಾಚಿ. ಕಾಗದಾ ಎಲ್ಲಾ ಬರೋಬ್ಬರಿ ಅದಾವು."

"ಕೊಡ್ತೇನಿ. ನಿನ್ನ ಮಾಲು ನಾ ಯಾಕ ಇಟ್ಕೊಳ್ಳಿ? ಜತಿಗೆ ಯಾರ ಬಂದಾರ?"

"ಯಾರೂ ಇಲ್ಲ. ಹಂದಿ ಕೇಳತಾವೇನ್ರಿ, ಜತಿಗೆ ಯಾರ ಅದಾರಂತ?" ಅವನ ದನಿ ಏರುತ್ತದೆ. "ಕೊಡದಿದ್ರ ಸ್ಟೇಷನ್ನಿಗೆ ಹೊಕ್ಕೇನಿ. ನಿಮ್ಮ ಲೈಸೆನ್ಸ ಉಳಿಯಂಗಿಲ್ಲ ನೋಡ್ರಿ."

"ಉಳಿಯಂಗಿಲ್ಲ, ಖರೆ ಐತಿ," ಎನ್ನುತ್ತಾರೆ ರಮಜಾನಬಿ. ಸ್ಪ್ರಿಂಗಿನ ಸುಳ್ಳು ಇವತ್ತು ನಡೆಯುವುದಿಲ್ಲ ಎಂದು ಅವರಿಗೂ ಗೊತ್ತು. ನಳಿಗೆಯನ್ನು ಹಿಡಿಗೆ ಕೂಡಿಸಿ, ಕೀಲು ಬಿಗಿದು, ಬಟ್ಟೆಯಿಂದ ಒರೆಸಿ, ಬಂದೂಕನ್ನು ತಮ್ಮಿಬ್ಬರ ನಡುವೆ ಇಡುತ್ತಾರೆ. ಅವನ ಕೈಗೆ ನಿಲುಕುವಂತೆಯೇ ಇಡುತ್ತಾರೆ.

"ತಗೋ. ಕಾಯ್ದೆ ನಿನ್ನ ಕಡೆ ಐತಿ. ನಮ್ಮ ಮಾವನ ಪದ್ಧತಿ ಕಾಯ್ದೆ ಅಲ್ಲ. ಹೋಗೂಮುಂದ ಒಂದ ಹೆಸರು ಹೇಳಿ ಹೋಗು. ಇದು ಕೈಯಾಗಿದ್ದಾಗ ನಿನಗ ಬುದ್ಧಿ ತಪ್ಪಿತಂದ್ರ, ನಿನ್ನ ಕೈ ಹಿಡಿಯಾವ್ರು ಯಾರು?"

ಅಜ್ಜಪ್ಪ ಬಂದೂಕಿನ ಮೇಲೆ ಕೈ ಇಡುತ್ತಾನೆ. ಎತ್ತುವುದಿಲ್ಲ. ಓಣಿಯಲ್ಲಿ ಯಾರೋ ಅಂಗಡಿ ಬಾಗಿಲು ತೆಗೆಯುವ ಸದ್ದು ಕೇಳುತ್ತದೆ. ಕೊನೆಗೆ ನೆಲ ನೋಡುತ್ತ, "ನಮ್ಮ ವೈನಿ ಹಿಡೀತಿದ್ರು. ನಮ್ಮವ್ವ ಸತ್ತಮ್ಯಾಲೆ ನನ್ನ ಜ್ವಾಕಿ ಮಾಡಿದವ್ರ ಅವ್ರು," ಎನ್ನುತ್ತಾನೆ.

"ಹಂಗಾದ್ರ ಫೋನ ಹಚ್ಚು."

"ಅವ್ರು ಅಣ್ಣನ ಹೇಂತಿ, ಚಾಚಿ."

"ಹೇಂತಿ ಅವನಾಕಿ. ವೈನಿ ನಿನ್ನಾಕಿ. ನಂಬರ್ ಹೇಳು, ನಾನ ಹಚ್ಚತೇನಿ."

ತಿಂಗಳುಗಟ್ಟಲೆ ಮಾತು ಬಿಟ್ಟ ಮನೆಯ ನಂಬರನ್ನು ಅಜ್ಜಪ್ಪ ತನ್ನ ಫೋನು ನೋಡದೆ ಬಾಯಿಪಾಠ ಹೇಳುತ್ತಾನೆ.

ಅತ್ತಿಗೆ ಸರೋಜವ್ವ ಟೆಂಪೋ ಹಿಡಿದು ಬರುತ್ತಾರೆ. ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಎದ್ದವರು. ಮುಂಗೈಗೆ ಹಿಟ್ಟು ಒಣಗಿ ಹತ್ತಿದೆ. ಬಂದೂಕಿನ ಕಡೆ ಕಣ್ಣೂ ಹಾಯಿಸದೆ ಮೈದುನನನ್ನು ನೋಡಿ, "ಎಷ್ಟ ಸೊರಗೀಯೋ," ಎನ್ನುತ್ತಾರೆ. ರಮಜಾನಬಿ ಚಹಾದ ಕಪ್ಪು ಅವರ ಕೈಗೆ ಕೊಟ್ಟು ಎಂದಿನಂತೆ ಕೇಳುತ್ತಾರೆ. "ಮನ್ಯಾಗ ಎಲ್ಲಾರೂ ಅರಾಮ ಅದೀರೇನವಾ?"

"ಇಲ್ರಿ," ಎನ್ನುತ್ತಾರೆ ಸರೋಜವ್ವ. "ನಮ್ಮ ಮನಿಯವ್ರು ದಾರಿಗೆ ಮುಳ್ಳ ಹಚ್ಯಾರ. ಇಂವಾ ಒಬ್ಬಾವ ಕುಂತು ಏನ ಉಣ್ತಾನೋ ಏನೋ. ಎಲ್ಲೀ ಅರಾಮರಿ? ಬಂದೂಕು ಒಯ್ಯಾಕ ನಾ ಹ್ಞೂ ಅನ್ನಂಗಿಲ್ಲ." ಆಮೇಲೆ ಅಜ್ಜಪ್ಪನ ಕಡೆ ತಿರುಗಿ, "ಹಂದಿ ಕಾಯಾಕ ನಾ ಬರ್ತೇನಿ. ಡಬ್ಬಿ ಬಡಿಯೂನು. ನಿಮ್ಮಣ್ಣನ್ನೂ ಎಬ್ಬಿಸ್ಕೊಂಡ ಬರ್ತೇನಿ, ಹೆಂಗ ಬರಂಗಿಲ್ಲೋ ನೋಡ್ತೇನಿ," ಎನ್ನುತ್ತಾರೆ.

ಅಜ್ಜಪ್ಪ ಬಂದೂಕಿನ ಮೇಲಿಂದ ಕೈ ತೆಗೆಯುತ್ತಾನೆ. "ಇಲ್ಲೇ ಇರ್ಲಿ ಚಾಚಿ," ಎನ್ನುತ್ತಾನೆ. ಬಂದೂಕು ಜೋಪಾನವಾಗಿ ಇಟ್ಟುಕೊಳ್ಳಲು ರಮಜಾನಬಿಯ ಲೈಸೆನ್ಸಿನಲ್ಲಿ ಅವಕಾಶವಿದೆ. ಅವನ ಎದುರೇ ಅದನ್ನು ಒಳಗಿನ ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತಾರೆ. ವೈನಿ ಮುಂದೆ, ಮೈದುನ ಹಿಂದೆ ಓಣಿ ದಾಟುತ್ತಾರೆ. ಬಂಡಿದಾರಿಯ ಮುಳ್ಳು ಇನ್ನೂ ಅಲ್ಲೇ ಇದೆ, ಅದನ್ನು ಯಾರು ತೆಗೆಯುತ್ತಾರೋ ನನಗೆ ಗೊತ್ತಿಲ್ಲ.

ಅವರು ಮರೆಯಾದ ಮೇಲೆ ರಮಜಾನಬಿ ಕಪಾಟಿನ ಕೀಲಿಯನ್ನು ಇನ್ನೊಮ್ಮೆ ಎಳೆದು ನೋಡಿ ಬಂದು ಕೂರುತ್ತಾರೆ. ಹೆದರಿಕೆ ಆಗಿತ್ತೇ ಎಂದು ಕೇಳುತ್ತೇನೆ.

"ಆಗದ ಏನ್ರಿ? ಎತ್ಕೊಂಡ ಹೋಗಿದ್ರ ನನಗ ಏನ ಮಾಡಾಕ ಬರ್ತಿತ್ತು? ರಾತ್ರಿ ನಿದ್ದಿ ಇಲ್ದ ಕುಂದರೂದಷ್ಟ." ತಂಬಿಗೆ ಎತ್ತಿ ನೀರು ಕುಡಿದು, ಪಕ್ಕದಲ್ಲಿದ್ದ ಕುಕ್ಕರ್ ಮುಚ್ಚಳ ಎತ್ತಿಕೊಳ್ಳುತ್ತಾರೆ.

ಇಷ್ಟು ವರ್ಷ ಈ ಹೆಣ್ಣುಮಗಳು ಇಲ್ಲಿ ಕೂತು ಏನು ಮಾಡುತ್ತಿದ್ದರು ಎಂಬುದು ಈ ಸೀಮೆಯ ಎಷ್ಟು ಮನೆಗಳಿಗೆ ಗೊತ್ತಿದೆ? ಅವರಿಂದ ಉಳಿದ ಜೀವಗಳಿಗೇ ಅದು ಗೊತ್ತಿರಲಾರದು. ನಿಮ್ಮ ಬಗ್ಗೆ ಪೇಪರಿನಲ್ಲಿ ಬರೆಯುತ್ತೇನೆ, ನಿಮ್ಮ ಆಸೆ ಏನಾದರೂ ಇದ್ದರೆ ಹೇಳಿ ಎನ್ನುತ್ತೇನೆ.

"ಬರೀರಿ, ನಿಮ್ಮ ಕೆಲಸ ಅದು," ಎನ್ನುತ್ತಾರೆ, ಮುಚ್ಚಳದ ರಬ್ಬರು ತೆಗೆಯುತ್ತ. "ನನ್ನ ಕೈಯಾಗ ಹಾಯ್ದ ಹೋದ ಬಂದೂಕಿನ ಸುದ್ದಿ ಮಾತ್ರ ನಿಮ್ಮ ಪೇಪರಿನ್ಯಾಗ ಎಂದೂ ಬರಬಾರ್ದು. ಹಂದಿ ಹೆದರಿ ಓಡಿ ಹೋದದ್ದನ್ನ ಯಾರೂ ಸುದ್ದಿ ಮಾಡಂಗಿಲ್ಲಲ್ರಿ? ನನ್ನ ಬಂದೂಕು ಅಷ್ಟ ಮಾಡಿದ್ರ ಸಾಕು."