ಬೆಳಗಿನ ಹೆಂಡಕ್ಕೆ ಹುಣಸೆ ಚಿಗುರಿನ ಚಟ್ನಿ

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ನನ್ನ ಚಿಕ್ಕಮ್ಮ ಮುಳಬಾಗಿಲಿನಿಂದ ನಂಗಲಿಗೆ ಹೋಗುವ ರಸ್ತೆಯ ಹೆಂಡದಂಗಡಿಯ ಚಪ್ಪರದ ಕೆಳಗೆ ಕೂತು ಚಟ್ನಿ ಮಾರುತ್ತಿದ್ದಳು. ಕುಡಿಯುವವರು ಅದನ್ನು ರಾಗಿರೊಟ್ಟಿಯ ಚೂರಿಗೆ ಸವರಿ ನಂಜಿಕೊಳ್ಳುತ್ತಿದ್ದರು. ಚಿಕ್ಕಪ್ಪ ತೀರಿಕೊಂಡ ಮೇಲೆ ಅವಳ ಸಂಸಾರ ನಡೆಯುತ್ತಿದ್ದದ್ದು ಆ ಚಪ್ಪರದಿಂದಲೇ. ಮಿಡ್ಲ್ ಸ್ಕೂಲು ಮುಗಿಸಿ ಕೆಲಸ ಸಿಗದೆ ಇದ್ದ ನಾನು ಅವಳಿಗೆ ಚಟ್ನಿ ರುಬ್ಬಿಕೊಡುತ್ತಿದ್ದೆ. ಯಾವುದು ಎಷ್ಟು ಖರ್ಚಾಯಿತು, ಎಷ್ಟು ಮಿಕ್ಕಿತು ಎಂದು ತಾರೀಖು ಹಾಕಿ ಬರೆದಿಡುವುದು ನನ್ನ ಚಾಳಿ.

ಈಚಲು ಹೆಂಡ ಮರದಿಂದ ಇಳಿಸಿದಾಗ ಎಳನೀರಿನಷ್ಟು ಸಿಹಿ. ಹೊತ್ತು ಏರಿದಂತೆ ಹುಳಿಯಾಗುತ್ತದೆ. ಒಂದೇ ಚಟ್ನಿ ಎರಡಕ್ಕೂ ಹೇಗೆ ಹೊಂದೀತು? ಗುಟುಕು ಗುಟುಕಾಗಿ ರುಚಿ ನೋಡಿ ನಾನೇ ಒಂದು ಕ್ರಮ ಮಾಡಿದೆ. ಬೆಳಗಿನ ಸಿಹಿ ಹೆಂಡಕ್ಕೆ ಹುಣಸೆ ಚಿಗುರಿನ ಹುಳಿ ಚಟ್ನಿ. ಸಂಜೆಯ ಹುಳಿ ಹೆಂಡಕ್ಕೆ ಹುಚ್ಚೆಳ್ಳು, ಕಡಲೆಕಾಯಿ ಬೀಜ ಹುರಿದು ಚೂರು ಬೆಲ್ಲ ಹಾಕಿದ್ದು. ಯುಗಾದಿಗೆ ಮುಂಚೆ ಶುರು ಮಾಡಿದೆವು. ಮೊದಲ ವಾರ ಎರಡೂ ಪಾತ್ರೆ ಖಾಲಿಯಾದವು.

ಆಮೇಲೆ ಬೆಳಗಿನ ಚಟ್ನಿ ಮಿಗತೊಡಗಿತು. ಒಂದು ದಿನ ಖಾಲಿ, ಮಾರನೆಯ ದಿನ ಅರ್ಧ ಪಾತ್ರೆ ವಾಪಸ್ಸು. ಗಾಡಿ ಹೊಡೆಯುವವನೊಬ್ಬ ಚಟ್ನಿ ಹಾಕಿಸಿಕೊಂಡಿದ್ದ ಎಲೆಯನ್ನು ಚಿಕ್ಕಮ್ಮನ ಮುಂದೆ ಇಟ್ಟ.

"ಏನಕ್ಕಾ ಇದು, ಹಲ್ಲೆಲ್ಲಾ ಚುಳ್ ಅಂತೈತೆ. ಹುಣಸೆಮರಾನೇ ಅರೆದುಬಿಟ್ಟೆಯಾ?"

"ಮರ ಅರೆಯೋಕೆ ಇವನ ರಟ್ಟೇಲಿ ಶಕ್ತಿ ಎಲ್ಲೈತಣ್ಣಾ," ಎಂದು ಚಿಕ್ಕಮ್ಮ ನನ್ನನ್ನು ತೋರಿಸಿ ನಗಿಸಿ ಕಳಿಸಿದಳು. ನನಗೆ ನಗು ಬರಲಿಲ್ಲ. ಅಳತೆ ಅದೇ, ಚಿಗುರು ಅದೇ, ರುಬ್ಬಿದ ಕೈಯೂ ಅದೇ.

ಅಂಗಡಿಯನ್ನು ಹರಾಜಿನಲ್ಲಿ ಹಿಡಿದಿದ್ದ ಕಂಟ್ರಾಕ್ಟರು ನಗಲಿಲ್ಲ. "ನೋಡಮ್ಮಾ, ನಿನ್ನ ಚಟ್ನಿಯಿಂದ ನನ್ನ ಗಿರಾಕಿ ಮುಖ ಸಿಂಡರಿಸ್ತಾರೆ. ಹಿಂಗೇ ಆದ್ರೆ ನಂಗಲಿಯಿಂದ ಬೋಟಿ ಹುರಿಯೋಳು ಬರ್ತೀನಿ ಅಂತಾವ್ಳೆ. ಜಾಗ ಅವಳಿಗೆ ಕೊಡ್ತೀನಿ," ಎಂದ.

ಮರುದಿನ ತೋಪಿನಿಂದ ಗಾಡಿ ಬಂದಾಗ, ಹೆಂಡ ಇಳಿಸುವ ಮೊದಲೇ ಅರ್ಧ ಲೋಟ ಇಸಿದುಕೊಂಡು ಕುಡಿದೆ. ಸಿಹಿ. ಅದೇ ಹೆಂಡ ಪೀಪಾಯಿಗೆ ಬಿದ್ದ ಮೇಲೆ ಕೊಂಡು ಕುಡಿದೆ. ಹುಳಿ. ಕಂಟ್ರಾಕ್ಟರು ಹಿಂದಿನ ಸಂಜೆ ಮಿಕ್ಕಿದ್ದನ್ನು ಪೀಪಾಯಿಯ ತಳದಲ್ಲಿ ಹಾಗೇ ಬಿಟ್ಟು, ಅದರ ಮೇಲೆ ಹೊಸದನ್ನು ಸುರಿಯುತ್ತಿದ್ದ. ಏನೂ ಮಿಗದ ದಿನ ಬೆಳಗಿನ ಹೆಂಡ ಸಿಹಿ, ಮಿಕ್ಕ ದಿನ ಹುಳಿ. ಹುಳಿಯ ಮೇಲೆ ಹುಳಿ ನಂಜಿಕೊಂಡರೆ ಹಲ್ಲು ಚುಳ್ ಎನ್ನದೆ ಇನ್ನೇನು? ಎಷ್ಟು ಮಿಗುತ್ತದೆಂದು ಮೊದಲೇ ತಿಳಿಯದೆ ನಾನು ಯಾವ ಚಟ್ನಿ ರುಬ್ಬಲಿ? ಬೈಸಿಕೊಳ್ಳುವುದು ಮಾತ್ರ ನಾವು.

ಚಿಕ್ಕಮ್ಮನಿಗೆ ಹೇಳಿದೆ. ಅವಳು ಒರಳು ತೊಳೆಯುತ್ತಲೇ ಕೇಳಿದಳು.

"ನಂಗೊತ್ತಿಲ್ವೇನೋ? ವಾಸನೆ ಬರಲ್ವಾ ನಂಗೆ?"

"ಗೊತ್ತಿದ್ದೂ ಸುಮ್ನಿದ್ದೀಯಾ? ನಾಳೆ ಎಲ್ಲರ ಮುಂದೆ ಹೇಳ್ತೀನಿ."

"ಹೇಳು. ಹೇಳಿ ಆಮೇಲೆ ನನ್ನ ಎಲ್ಲಿ ಕೂರಿಸ್ತೀಯಾ, ಅದನ್ನೂ ಹೇಳು."

ಅವಳು ಡಬ್ಬದಿಂದ ಒಣಮೆಣಸಿನಕಾಯಿ ಬೊಗಸೆ ತುಂಬ ತೆಗೆದು ಒರಳಿಗೆ ಸುರಿದಳು, ಮತ್ತೊಂದು ಬೊಗಸೆ, ಬೆಳ್ಳುಳ್ಳಿ, ಉಪ್ಪು. ಚಿಗುರಿಲ್ಲ, ಹುಚ್ಚೆಳ್ಳಿಲ್ಲ. "ರುಬ್ಬು," ಎಂದಳು. ಕಣ್ಣುರಿಯಲ್ಲಿ ಅವಳನ್ನೂ ಕಂಟ್ರಾಕ್ಟರನ್ನೂ ಬೈದುಕೊಂಡು ರುಬ್ಬಿದೆ. ಆ ಖಾರದ ಮುಂದೆ ಹೆಂಡ ಇವತ್ತಿನದೋ ನಿನ್ನೆಯದೋ ಯಾವ ನಾಲಿಗೆಗೂ ತಿಳಿಯುವಂತಿರಲಿಲ್ಲ.

ಬೆಳಿಗ್ಗೆ, ಹಲ್ಲು ಚುಳ್ ಅಂತೈತೆ ಎಂದಿದ್ದ ಅದೇ ಗಾಡಿಯವನು ಬಂದ. ಒಂದು ಚೂರು ರೊಟ್ಟಿಗೆ ಸವರಿ ಬಾಯಿಗಿಟ್ಟು ಕೆಮ್ಮಿದ, ಕಣ್ಣೊರೆಸಿಕೊಂಡ, ಕೈಲಿದ್ದ ಹೆಂಡ ಒಂದೇ ಉಸಿರಿಗೆ ಮುಗಿಸಿದ. "ಇದಕ್ಕನ್ನೋದು ಚಟ್ನಿ ಅಂತ. ಮೊದಲೇ ಮಾಡೋಕೆ ಏನಾಗಿತ್ತಕ್ಕಾ?" ಎಂದು ಇನ್ನೊಂದು ಲೋಟಕ್ಕೆ ಕೈ ಚಾಚಿದ. ಪಕ್ಕದವರೂ ಚಾಚಿದರು.

ಮಧ್ಯಾಹ್ನಕ್ಕೆ ಪೀಪಾಯಿ ಖಾಲಿ. ಕಂಟ್ರಾಕ್ಟರು ತಾನೇ ಎದ್ದು ಬಂದು ಚಿಕ್ಕಮ್ಮ ಕೂರುವಲ್ಲಿ ಹರಿದಿದ್ದ ಚಪ್ಪರಕ್ಕೆ ಹೊಸ ಗರಿ ಹೊದಿಸುವಂತೆ ಆಳಿಗೆ ಹೇಳಿದ. "ನಿಮ್ಮ ದಯೆ ಸಾವ್ಕಾರ್ರೆ," ಎಂದು ಚಿಕ್ಕಮ್ಮ ಕೈ ಮುಗಿದಳು. ಗರಿ ಎತ್ತಿಕೊಡಲು ಆಳಿಗೆ ಇನ್ನೊಂದು ಕೈ ಬೇಕಿತ್ತು. ನಾನೇ ಎತ್ತಿಕೊಟ್ಟೆ.